ನಾಲ್ಕನೇ ಘಟಕದ ದಾರಿ

ಮೇ ಹದಿನಾಲ್ಕು, ಬುಧವಾರ. ಮಧ್ಯಾಹ್ನ ಮೂರು ಇಪ್ಪತ್ತಕ್ಕೆ ಒಬ್ಬ ಹೆಂಗಸು ಠಾಣೆಗೆ ಬಂದು, ಕುರ್ಚಿ ತೋರಿಸಿದರೂ ಕೂರದೆ, ಹೆಡ್ ಕಾನ್‌ಸ್ಟೇಬಲ್‌ನ ಮೇಜಿನ ಮುಂದೆ ನಿಂತುಕೊಂಡಳು. ವಯಸ್ಸು ಐವತ್ತರ ಹತ್ತಿರ. ಬಟ್ಟೆ ಹೊಲಿಯುವವಳು. ಅಳತೆಯ ಟೇಪು ಕತ್ತಿನಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆಯಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಜತೆಯಲ್ಲಿ ಬಂದ ತಮ್ಮನಿಗೂ ಹೊಳೆದಿರಲಿಲ್ಲ.

“ನನ್ನ ಗಂಡ ಸತ್ತ. ಯಾರಿಂದ ಸತ್ತ ಅಂತ ಹುಡುಕಿ” ಎಂದಳು.

ಹೆಡ್ ಕಾನ್‌ಸ್ಟೇಬಲ್‌ನನ್ನು ಠಾಣೆಯಲ್ಲಿ ಎಲ್ಲರೂ ‘ಗಡಿಯಾರ’ ಎಂದೇ ಕರೆಯುವುದು. ಸಮಯ ಹಾಕದೆ ಅವನು ಒಂದಕ್ಷರ ಬರೆಯುವುದಿಲ್ಲ. ಮೊದಲು ಗೋಡೆ ನೋಡಿದ, ಸಮಯ ಬರೆದ, ಆಮೇಲೆ ಕೇಳಿದ.

“ಹೇಗಮ್ಮ ಸತ್ತದ್ದು?”

“ಎದೆನೋವು.”

“ಎದೆನೋವಿಗೆ ನಾವೇನಮ್ಮ ಮಾಡೋದು?”

ಒಳಗಿನಿಂದ ಇನ್‌ಸ್ಪೆಕ್ಟರ್ ಎದ್ದು ಬಂದರು. ಗಡಿಯಾರನ ಕಡೆ ಒಂದು ಸಲ ನೋಡಿದರು. ಅವನು ತಲೆ ತಗ್ಗಿಸಿ ಪೆನ್ನು ಹಿಡಿದ.

“ನೀವು ಹೇಳಿ” ಎಂದರು ಇನ್‌ಸ್ಪೆಕ್ಟರ್.

“ಆಂಬುಲೆನ್ಸಿನ ಶೆಡ್ಡು ನಮ್ಮನೆ ಎದುರಿಗೇ ಇದೆ ಸಾರ್. ನಾಲ್ಕನೇ ಘಟಕ ಅಂತ ಬೋರ್ಡಿದೆ. ಕಿಟಕಿಯಿಂದ ಗಾಡಿ ಕಾಣುತ್ತೆ. ಇವ್ರು ಅಂಗಡಿಗೆ ಹೊರಟವರು ಬಾಗಿಲಲ್ಲೇ ಕುಸಿದ್ರು. ಫೋನ್ ಮಾಡ್ದೆ. ಆ ಕಡೆ ಹುಡುಗಿ ‘ಎದೆ ಒತ್ತುತ್ತಾ ಇರಿ, ಕೈ ತೆಗೀಬೇಡಿ, ಗಾಡಿ ಹೊರಟಿದೆ’ ಅಂದ್ಲು. ನಾನು ಒತ್ತುತ್ತಾ ಇದೀನಿ. ಎದುರಿಗೆ ಡ್ರೈವರ್ ಗಾಡಿ ಗಾಜು ಒರೆಸ್ತಾ ಇದಾನೆ. ‘ಹೊರಟಿಲ್ಲಮ್ಮ, ಇಲ್ಲೇ ನಿಂತಿದೆ’ ಅಂತೀನಿ. ‘ಅದು ಬೇರೆ ಗಾಡಿ ಇರ್ಬೇಕು, ನೀವು ಒತ್ತಿ’ ಅಂತಾಳೆ.”

“ಕೂಗಲಿಲ್ವಾ?”

“ಮೂರನೇ ಮಹಡಿ ಸಾರ್. ಕೆಳಗೆ ಬಸ್ಸು ಲಾರಿ. ಕೂಗಿ ಕೂಗಿ ಗಂಟಲು ಹೋಯ್ತು. ಎದ್ದು ಇಳಿದು ಹೋಗೋಣ ಅಂದ್ರೆ ಕೈ ಬಿಡಬಾರದಲ್ಲ.”

ಅವಳ ಗಂಡನಿಗೆ ಕನ್ನಡಕದ ಅಂಗಡಿ ಇತ್ತು. ವಯಸ್ಸು ಐವತ್ತೆರಡು. ಕರೆ ಹೋದದ್ದು ಹತ್ತೂ ಹದಿನೇಳಕ್ಕೆ. ಗಾಡಿ ರಸ್ತೆ ದಾಟಿದ್ದು ಹತ್ತೂ ಮೂವತ್ತೇಳಕ್ಕೆ. ರಸ್ತೆ ದಾಟಲು ಇಪ್ಪತ್ತು ನಿಮಿಷ. ಅಪರಿಚಿತರ ಮೇಲೆ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದರೆಂದು, ನಾಲ್ಕು ಗಂಟೆಗೆ FIR ಆಯಿತು. ಹೋಗುವಾಗ ಆ ಹೆಂಗಸು ತನ್ನ ಎರಡು ಅಂಗೈಗಳನ್ನು ನೋಡಿಕೊಂಡು ಹೋದಳು.

ಇನ್‌ಸ್ಪೆಕ್ಟರ್, ಗಡಿಯಾರ ಮತ್ತು ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಆಂಬುಲೆನ್ಸ್ ನಿಯಂತ್ರಣ ಕೊಠಡಿಗೆ ಹೋದಾಗ ಐದು ಗಂಟೆ. ಉದ್ದನೆಯ ಕೋಣೆ. ಎಂಟು ಮೇಜು, ಎಂಟು ಕಂಪ್ಯೂಟರ್ ಪರದೆ. ಒಂದು ಗೋಡೆಯ ತುಂಬ ದೊಡ್ಡ ನಕ್ಷೆ: ಆರು ಘಟಕಗಳು, ನಡುವೆ ಒಂದು ಜಂಕ್ಷನ್, ಅವುಗಳನ್ನು ಸೇರಿಸುವ ಗೆರೆಗಳು. ಗೆರೆಗಳೆಲ್ಲ ಹಸಿರು.

ಕರೆ ತೆಗೆದುಕೊಂಡ ಹುಡುಗಿ ಅತ್ತು ಅತ್ತು ಮುಖ ಊದಿಸಿಕೊಂಡಿದ್ದಳು. ಸಂದೇಶ ಕಳಿಸಿದ್ದು ನಿಜ. ‘ಕಳಿಸಲಾಗಿದೆ’ ಎಂದು ಪರದೆ ಹೇಳಿದ್ದೂ ನಿಜ. ಗಾಡಿಯವರು ಒಪ್ಪಿಕೊಂಡರೆ ಒಂದು ದೀಪ ಹತ್ತಬೇಕು. ಹತ್ತಲಿಲ್ಲ.

“ದೀಪ ಹತ್ತದಿದ್ರೆ ಫೋನ್ ಮಾಡಬೇಕು ಅನ್ನೋ ನಿಯಮ ಇಲ್ವಾ?”

“ಇದೆ ಸಾರ್. ಆದ್ರೆ ಗಾಡಿಯವರು ಗುಂಡಿ ಒತ್ತೋದನ್ನ ದಿನಾ ಮರೀತಾರೆ. ಓಡೋ ಅವಸರ. ನಾವು ದೀಪ ನೋಡೋದನ್ನೇ ಬಿಟ್ಬಿಟ್ಟಿದ್ವಿ.”

ಎಲ್ಲ ಕಡೆಯೂ ಹೀಗೇ. ನಿಯಮ ಗೋಡೆಯ ಮೇಲೆ, ಕೆಲಸ ಇನ್ನೊಂದು ರೀತಿ. ಇನ್‌ಸ್ಪೆಕ್ಟರ್‌ಗೆ ಮೈ ಉರಿಯಿತು. ಆದರೆ ಹುಡುಗಿಯ ಮುಖ ನೋಡಿ ಸುಮ್ಮನಾದರು.

ಕೊಠಡಿಯ ಮೇಲ್ವಿಚಾರಕಿ ಮಾತಿಗೆ ನಿಂತರೆ ನಿಲ್ಲುವವಳಲ್ಲ. ಅಪರಾಧಿ ಯಾರೆಂದು ಅವಳಾಗಲೇ ತೀರ್ಮಾನಿಸಿದ್ದಳು.

“ಎಲ್ಲಾ ಚಿಕ್ಕಳಿಯನ ಕೆಲಸ ಸಾರ್. ಬೆಳಗ್ಗೆ ನಾಲ್ಕನೇ ಘಟಕಕ್ಕೆ ಹೋಗಿ ಏನೋ ಕಿತ್ತು ಬಂದ. ದೊಡ್ಡಳಿಯ ಇಲ್ಲದಿದ್ರೆ ಇವತ್ತು ಇನ್ನೂ ಎಷ್ಟು ಹೆಣ ಬೀಳ್ತಿತ್ತೋ.”

“ಯಾರ ಅಳಿಯಂದಿರು?”

ನೆಟ್‌ವರ್ಕ್ ನೋಡಿಕೊಳ್ಳುವ ಎಂಜಿನಿಯರುಗಳು ಇಬ್ಬರು. ಇಬ್ಬರೂ ಷಡ್ಡಕರು. ಅಕ್ಕನನ್ನು ಮದುವೆಯಾದವನು ದೊಡ್ಡಳಿಯ, ತಂಗಿಯನ್ನು ಮದುವೆಯಾದವನು ಚಿಕ್ಕಳಿಯ. ಕಚೇರಿಯಲ್ಲಿ ಅದೇ ಹೆಸರು ನಿಂತುಬಿಟ್ಟಿದೆ. ಹದಿನೈದು ವರ್ಷದ ಹಿಂದೆ ಈ ಜಾಲವನ್ನು ಕಟ್ಟಿದವನು ದೊಡ್ಡಳಿಯ. ಚಿಕ್ಕಳಿಯನಿಗೆ ಕೆಲಸ ಕೊಡಿಸಿ, ಕೂರಿಸಿಕೊಂಡು ಕಲಿಸಿದವನೂ ಅವನೇ.

“ಇವತ್ತು ಸರಿ ಮಾಡಿದ್ದು ಅವರೇನಾ?”

“ಹೌದು ಸಾರ್. ಹತ್ತೂ ಮೂವತ್ತೈದಕ್ಕೆ ಘಟಕಕ್ಕೆ ಫೋನ್ ಮಾಡಿ ಗಾಡಿ ಹೊರಡಿಸಿ, ಕೂಡಲೇ ಅವರಿಗೂ ನಾನೇ ಮಾಡ್ದೆ. ಮೇಲಿನ ಮಹಡಿಯಲ್ಲೇ ಇದ್ರು. ಬ್ಯಾಗು ಹಿಡಿದೇ ಇಳಿದ್ರು. ಹತ್ತೂ ನಲವತ್ನಾಲ್ಕಕ್ಕೆ ಎಲ್ಲಾ ಸರಿ. ಇಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ವಿ. ಆಮೇಲೆ ಆ ಮನುಷ್ಯ ಹೋದ ಸುದ್ದಿ ಬಂತು.” ಅವಳು ಮೇಜಿನ ಖಾನೆಯಿಂದ ಒಂದು ಹಾಳೆ ತೆಗೆದಳು. “ತಪ್ಪು ಏನು ಅಂತ ಮುದ್ರಿಸಿ ನನ್ನ ಕೈಗೇ ಕೊಟ್ಟಿದಾರೆ.”

ಹಾಳೆಯ ತುಂಬ ಅಂಕಿಗಳ ಸಾಲುಗಳು. ಒಂದು ಸಾಲಿನ ಸುತ್ತ ಕೆಂಪು ಶಾಯಿಯ ವೃತ್ತ. ಪಕ್ಕದಲ್ಲಿ, ಚಿಕ್ಕಳಿಯ ಅಳಿಸಲು ಮರೆತ ಹಳೆಯ ಸಾಲು, ಎಂದು ಬರೆದಿತ್ತು. ಪಂಚರ ಎದುರಿನಲ್ಲಿ ಹಾಳೆಯನ್ನು ಜಪ್ತಿ ಮಾಡಿದರು.

ಚಿಕ್ಕಳಿಯನನ್ನು ಆಗಲೇ ಅಮಾನತು ಮಾಡಿದ್ದರು. ಗುರುತಿನ ಚೀಟಿ ಕಿತ್ತುಕೊಂಡು, ಹಿಂದಿನ ಸಣ್ಣ ಕೋಣೆಯಲ್ಲಿ ಕೂರಿಸಿದ್ದರು. ವಯಸ್ಸು ಮೂವತ್ತಮೂರು.

“ಬೆಳಗ್ಗೆ ಏನು ಮಾಡಿದ್ರಿ?”

“ನಾಲ್ಕನೇ ಘಟಕದ ಹಳೇ ಕೇಬಲ್ ಕಿತ್ತೆ ಸಾರ್, ಹತ್ತೂ ಐದಕ್ಕೆ. ಹೊಸ ಕೇಬಲ್ ಬಂದು ಮೂರು ತಿಂಗಳಾಯ್ತು. ಇವತ್ತು ಕೀಳ್ತೀನಿ ಅಂತ ಮೊದಲೇ ಎಲ್ಲರಿಗೂ ತಿಳಿಸಿದ್ದೆ.”

“ಕಿತ್ತ ಮೇಲೆ ಪರೀಕ್ಷೆ ಮಾಡಿದ್ರಾ?”

“ನಕ್ಷೆ ನೋಡ್ದೆ. ಹಸಿರಿತ್ತು.”

“ನಕ್ಷೆ ಹಾಳಾಗಲಿ. ಒಂದು ಸಂದೇಶ ಕಳಿಸಿ ನೋಡಿದ್ರಾ?”

“ಇಲ್ಲ.”

“ಇಲ್ಲಿಗೆ ವಾಪಸ್ ಬಂದ ಮೇಲೆ?”

“ಹತ್ತೂ ಇಪ್ಪತ್ನಾಲ್ಕಕ್ಕೆ ಬಂದೆ. ಗಾಡಿ ಹೊರಟಿಲ್ಲ ಅಂತ ಒಬ್ಬರು ಫೋನಲ್ಲಿ ಕೂಗ್ತಿದಾರೆ, ನಾಲ್ಕನೇ ಘಟಕದಿಂದ ದೀಪಾನೂ ಬಂದಿಲ್ಲ ಅಂದ್ರು. ನಕ್ಷೆ ಹಸಿರಿದೆ, ಸಂದೇಶ ಹೋಗಿರುತ್ತೆ, ದೀಪ ಮಾತ್ರ ಕೆಟ್ಟಿದೆ ಅಂತ… ನಾನೇ ಹೇಳ್ದೆ ಸಾರ್. ನಾನು ಹೇಳ್ದೆ ಅಂತ ಹತ್ತೂ ಮೂವತ್ತೈದರವರೆಗೆ ಯಾರೂ ಘಟಕಕ್ಕೆ ಫೋನ್ ಮಾಡಲಿಲ್ಲ.”

“ಮೇಲಿನ ಮಹಡಿಯಲ್ಲೇ ನಿಮ್ಮ ಷಡ್ಡಕರಿದ್ರಲ್ಲ. ಕೇಳಬಹುದಿತ್ತು.”

“ಅಣ್ಣನಿಗೆ ನಾನು ಹಾಕಿದ ಈ ಹೊಸ ಪದ್ಧತಿ ಕಂಡ್ರೆ ಆಗಲ್ಲ. ಕೇಳಿದ್ರೆ ಮೊದಲು ಅರ್ಧ ಗಂಟೆ ಬೈಸ್ಕೋಬೇಕು.”

“ಹಳೆಯ ಸಾಲುಗಳಲ್ಲಿ ಒಂದನ್ನ ಅಳಿಸೋಕೆ ಮರೆತಿದೀರಿ ಅಂತ ಹೇಳ್ತಿದಾರೆ.”

ಚಿಕ್ಕಳಿಯ ತಟ್ಟನೆ ತಲೆಯೆತ್ತಿದ. “ಸುಳ್ಳು ಸಾರ್. ಫೆಬ್ರವರಿಯಲ್ಲಿ ಒಂದೊಂದಾಗಿ ಅಳಿಸಿದೀನಿ. ಮೂರು ಸಲ ನೋಡಿದೀನಿ. ನನ್ನ ತಲೆ ಬೇಕಾದ್ರೆ ತೆಗೀರಿ.”

ಹೊರಗೆ ಬಂದಾಗ ಗಡಿಯಾರ ಗೊಣಗಿದ. “ಇವನನ್ನೇ ಒಳಗೆ ಹಾಕಿಬಿಡೋಣ ಸಾರ್. ಕಿತ್ತದ್ದೂ ಅವನೇ, ನೋಡದಿದ್ದದ್ದೂ ಅವನೇ.”

“ಒಳಗೆ ಹಾಕೋದು ಸುಲಭ ಕಣಯ್ಯ. ಒಂದು ಸಲ ಹಾಕಿದ್ರೆ ಅವನ ಬದುಕು ಅಲ್ಲಿಗೆ ಮುಗೀತು. ಎರಡು ದಿನ ತಡಿ.”

ಮೇಲಧಿಕಾರಿಯ ಫೋನ್ ರಾತ್ರಿಯೊಳಗೆ ಎರಡು ಸಲ ಬಂತು. ಶನಿವಾರದೊಳಗೆ ಯಾರನ್ನಾದರೂ ಬಂಧಿಸಬೇಕು. ‘ಯಾರನ್ನಾದರೂ’ ಎಂಬ ಮಾತು ಕೇಳಿ ಇನ್‌ಸ್ಪೆಕ್ಟರ್ ಫೋನನ್ನು ಕುಕ್ಕಿ ಇಟ್ಟರು.

ಮೇ ಹದಿನೈದು, ಗುರುವಾರ ಬೆಳಗ್ಗೆ ಹತ್ತಕ್ಕೆ ತಾಂತ್ರಿಕ ಕಾಲೇಜಿನ ಉಪನ್ಯಾಸಕಿಯೊಬ್ಬರನ್ನು ಠಾಣೆಗೆ ಕರೆಸಿದರು. ಹಾಳೆಯನ್ನು ಓದಿ, ಅವರು ಗಡಿಯಾರನ ಕಾಗದದ ಹಿಂಬದಿಯಲ್ಲಿ ಚೌಕಗಳನ್ನು ಬರೆದರು.

“ಪ್ರತಿ ಘಟಕದಲ್ಲೂ ಒಂದು ರೌಟರ್ ಇದೆ. ದಾರಿ ತೋರಿಸೋ ಪೆಟ್ಟಿಗೆ ಅಂದ್ಕೊಳ್ಳಿ. ಮೊದಲು ಇವುಗಳಿಗೆ ದಾರಿಗಳನ್ನೆಲ್ಲ ಮನುಷ್ಯರೇ ಕೈಯಾರೆ ಬರೆದು ಕೊಡ್ತಿದ್ರು. ಈ ಚಿಕ್ಕ ಎಂಜಿನಿಯರ್ ಲಿಂಕ್-ಸ್ಟೇಟ್ ಪ್ರೋಟೊಕಾಲ್ ಅನ್ನೋ ಹೊಸ ಪದ್ಧತಿ ಹಾಕಿದಾರೆ. ಅದರಲ್ಲಿ ಪ್ರತಿ ರೌಟರ್ ನೆರೆಯವರನ್ನ ಹತ್ತು ಸೆಕೆಂಡಿಗೊಂದು ಸಲ ಮಾತಾಡಿಸುತ್ತೆ. ನನಗೆ ಯಾರ್ಯಾರ ಜತೆ ಸಂಪರ್ಕ ಇದೆ, ಯಾವ ದಾರಿ ಎಷ್ಟು ದುಬಾರಿ ಅಂತ ಎಲ್ಲರಿಗೂ ಸಾರುತ್ತೆ. ಒಬ್ಬರಿಗೆ ಗೊತ್ತಾದದ್ದು ಎಲ್ಲರಿಗೂ ಗೊತ್ತು.”

“ನಮ್ಮ ಅತ್ತೆ ಮನೆ ಥರ” ಎಂದ ಗಡಿಯಾರ.

ಉಪನ್ಯಾಸಕಿ ನಕ್ಕರು. “ಹಾಗೇ. ಎಲ್ಲರ ಹತ್ರಾನೂ ಒಂದೇ ನಕ್ಷೆ. ಅದರ ಮೇಲೆ ಪ್ರತಿಯೊಂದೂ ಹತ್ತಿರದ ದಾರಿಯನ್ನ ತಾನೇ ಲೆಕ್ಕ ಹಾಕ್ಕೊಳ್ಳುತ್ತೆ. ಒಂದು ಕೇಬಲ್ ತುಂಡಾದ್ರೆ ತಾವೇ ಇನ್ನೊಂದು ದಾರಿ ಹುಡುಕ್ತವೆ.”

“ಮತ್ತೆ ನಿನ್ನೆ ಯಾಕೆ ಹುಡುಕಲಿಲ್ಲ?”

ಅವರು ಕೆಂಪು ವೃತ್ತದ ಮೇಲೆ ಬೆರಳಿಟ್ಟರು. “ಈ ಸಾಲಿಗೋಸ್ಕರ. ಇದು ಜಂಕ್ಷನ್ ರೌಟರಿನಲ್ಲಿ ಕೈಯಾರೆ ಬರೆದ ದಾರಿ. ನಾಲ್ಕನೇ ಘಟಕಕ್ಕೆ ಹೋಗೋದೆಲ್ಲ ಹಳೇ ಕೇಬಲ್ ಮೇಲೇ ಹೋಗಲಿ ಅನ್ನುತ್ತೆ. ತಾನು ಲೆಕ್ಕ ಹಾಕಿದ ದಾರಿಗಿಂತ ಮನುಷ್ಯ ಬರೆದ ದಾರಿಗೆ ರೌಟರ್ ಹೆಚ್ಚು ಮರ್ಯಾದೆ ಕೊಡುತ್ತೆ.”

“ಮನುಷ್ಯ ತಪ್ಪು ಬರೆದಿದ್ರೆ?”

“ಆಗಲೂ. ಆಚೆ ತುದೀಲಿ ಕೇಬಲ್ ಕಿತ್ತಿದ್ದು ಇದಕ್ಕೆ ಗೊತ್ತೇ ಆಗಲ್ಲ. ನಡುವೆ ಟೆಲಿಫೋನ್ ಕಂಪನಿಯ ಪೆಟ್ಟಿಗೆ ಇದೆ, ಈಚೆ ಕೇಬಲಿನ ದೀಪ ಉರೀತಾನೇ ಇರುತ್ತೆ. ಸಂದೇಶಗಳು ಹೋಗಿ ಹೋಗಿ ಖಾಲಿ ತಂತಿಗೆ ಬಿದ್ದಿವೆ. ಹೊಸ ಕೇಬಲ್ ಮೇಲೆ ನೆರೆಹೊರೆಯ ಮಾತುಕತೆ ಮಾತ್ರ ಸರಿಯಾಗೇ ನಡೀತಿತ್ತು. ಅದಕ್ಕೇ ನಕ್ಷೆ ಹಸಿರು. ಈ ಸಾಲು ಅಳಿಸಿದ ಕೂಡಲೇ ಎಲ್ಲಾ ಸರಿ.”

“ಇದು ಮರೆತು ಉಳಿದದ್ದೋ, ಆಮೇಲೆ ಬರೆದದ್ದೋ?”

“ಸಾಲು ನೋಡಿ ಹೇಳೋಕಾಗಲ್ಲ. ಇಬ್ಬರೂ ಒಂದೇ ಗುಪ್ತಪದ ಬಳಸ್ತಾರಂತೆ. ಯಾರು ಬರೆದ್ರೂ ಒಂದೇ ಥರ ಕಾಣುತ್ತೆ.”

ಜಂಕ್ಷನ್ ರೌಟರ್ ಇದ್ದದ್ದು ನಿಯಂತ್ರಣ ಕೊಠಡಿಯ ಹಿಂದಿನ ಬೀದಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ. ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ. ಹಳೆಯ ಪತ್ರಿಕೆಗಳ ಕಟ್ಟುಗಳ ನಡುವೆ ಒಂದು ಕಬ್ಬಿಣದ ಬೀರು, ಒಳಗೆ ಮಿಣುಕುವ ಪೆಟ್ಟಿಗೆ. ಬೀಗದ ಕೈ ಇಬ್ಬರು ಅಳಿಯಂದಿರ ಹತ್ತಿರವೂ ಇತ್ತು.

ಬಾಗಿಲು ಕಾಯುವ ಮುದುಕನನ್ನು ಇನ್‌ಸ್ಪೆಕ್ಟರ್ ಕೇಳಿದರು. “ಈ ವಾರ ಇಲ್ಲಿಗೆ ಯಾರು ಬಂದಿದ್ರು?”

“ಸೋಮವಾರ ಸಂಜೆ ದೊಡ್ಡ ಎಂಜಿನಿಯರ್ರು. ಬುಧವಾರ ಬೆಳಗ್ಗೆ ಮತ್ತೆ ಅವರೇ.”

“ಸೋಮವಾರ ಯಾಕೆ?”

“ಧೂಳು ಹೊಡೆಯೋಕೆ ಅಂದ್ರು. ಯಾವಾಗ್ಲೂ ಬೀಗಕ್ಕೆ ಎಣ್ಣೆ ಹಾಕಿಲ್ಲ ಅಂತ ನನ್ನ ಮೇಲೆ ಹಾರಾಡ್ತಾರೆ. ಅವತ್ತು ಹಾರಾಡ್ಲಿಲ್ಲ. ಸಿಳ್ಳೆ ಹಾಕ್ಕೊಂಡು ಬಂದ್ರು, ಸಿಳ್ಳೆ ಹಾಕ್ಕೊಂಡು ಹೋದ್ರು. ಮನೇಲಿ ಏನೋ ಒಳ್ಳೇದಾಗಿರ್ಬೇಕು ಅಂದ್ಕೊಂಡೆ.”

ಬೀರುವಿನ ಮೇಲೆ ಮಹಿಳಾ ಕಾನ್‌ಸ್ಟೇಬಲ್ ಬೆರಳಾಡಿಸಿ ತೋರಿಸಿದಳು. ಬೆರಳು ಬೂದುಬಣ್ಣಕ್ಕೆ ತಿರುಗಿತು. ಧೂಳು ಹೊಡೆದ ಲಕ್ಷಣವಿರಲಿಲ್ಲ.

ಅಷ್ಟಕ್ಕೆ ಯಾರನ್ನೂ ಬಂಧಿಸಲಾಗದು. ದೊಡ್ಡಳಿಯನಿಗೆ ಅಲ್ಲಿಗೆ ಬರುವ ಹಕ್ಕಿದೆ, ಸಿಳ್ಳೆ ಹಾಕುವುದು ಅಪರಾಧವಲ್ಲ. ಸಂಜೆ ಇನ್‌ಸ್ಪೆಕ್ಟರ್ ಅಳಿಯಂದಿರ ಮನೆಗೆ ಹೋದರು.

ಎರಡಂತಸ್ತಿನ ಮನೆ. ಮಾವ ಮತ್ತು ದೊಡ್ಡ ಮಗಳ ಸಂಸಾರ ಕೆಳಗೆ, ಚಿಕ್ಕ ಮಗಳ ಸಂಸಾರ ಮೇಲೆ. ಮಾವ ನಿವೃತ್ತ ಬಸ್ ಮೆಕ್ಯಾನಿಕ್. ಕಿವಿ ಮಂದ, ಬಾಯಿ ಜೋರು. ದೊಡ್ಡಳಿಯ ಇನ್ನೂ ಕಚೇರಿಯಿಂದ ಬಂದಿರಲಿಲ್ಲ.

“ನನ್ನ ಚಿಕ್ಕಳಿಯ ತಪ್ಪು ಮಾಡೋ ಮನುಷ್ಯನೇ ಅಲ್ಲ” ಎಂದು ಕೂಗಿದ. “ಅವನದು ತಲೆ ಸಾರ್, ತಲೆ! ದೊಡ್ಡವನದು ಬರೀ ಕೈ. ಹೇಳಿದ್ದು ಮಾಡ್ತಾನೆ, ಅಷ್ಟೇ.”

ದೊಡ್ಡ ಮಗಳು ಒಳಗಿನಿಂದ ಸಿಡಿದಳು. “ಅಪ್ಪಾ! ಈ ಮಾತನ್ನ ಇವ್ರ ಮುಖದ ಮೇಲೇ ಎಷ್ಟು ಸಲ ಅಂದಿದೀಯ! ಮೊದಲು ಮನೇಲಿ ಫ್ಯಾನ್ ನಿಂತ್ರೆ ಇವ್ರು, ರೇಡಿಯೊ ಕೆಟ್ರೆ ಇವ್ರು. ಈಗ ಬಲ್ಬು ಹೋದ್ರೂ ಮೇಲಿನ ಮೆಟ್ಟಿಲ ಹತ್ರ ನಿಂತು ಕೂಗ್ತೀಯ.”

“ಅವನು ಬೇಗ ಬರ್ತಾನೆ, ಅದಕ್ಕೆ ಕೂಗ್ತೀನಿ.”

“ಇವ್ರು ಇಲ್ಲೇ ಪಕ್ಕದ ಕುರ್ಚೀಲಿ ಕೂತಿರ್ತಾರಪ್ಪಾ!”

ಮುದುಕ ಕಿಟಕಿಯ ಕಡೆ ತಿರುಗಿದ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಅವಳು ಇನ್‌ಸ್ಪೆಕ್ಟರ್ ಕಡೆ ತಿರುಗಿ ದನಿ ತಗ್ಗಿಸಿದಳು.

“ಇವ್ರು ಹದಿನೈದು ವರ್ಷ ಕೂತು ಬರೆದದ್ದನ್ನ ಆ ಹುಡುಗ ಒಂದು ಭಾನುವಾರ ಅಳಿಸಿ ಹಾಕ್ದ. ಆಮೇಲೆ ಕಚೇರಿ ಪತ್ರಿಕೇಲಿ ಅವನ ಫೋಟೊ. ಆ ನಕ್ಷೆ ಮುಂದೆ ನಿಲ್ಲಿಸಿ ತೆಗೆದದ್ದು. ನಮ್ಮಪ್ಪ ಕತ್ತರಿಸಿ ಕನ್ನಡಿಗೆ ಅಂಟಿಸಿದಾರೆ ನೋಡಿ. ಇವ್ರು ದಿನಾ ಅಲ್ಲೇ ಗಡ್ಡ ಹೆರ್ಕೋಬೇಕು.”

ಇನ್‌ಸ್ಪೆಕ್ಟರ್ ಫೋಟೊ ನೋಡಿದರು. ಮೇಲೆ ಹೋಗಿ ಚಿಕ್ಕಳಿಯನನ್ನು ಕೂರಿಸಿ, ಜಪ್ತಿ ಮಾಡಿದ ಹಾಳೆಯ ನಕಲನ್ನು ಮುಂದಿಟ್ಟರು. ಅದನ್ನು ಅವನಿಗೆ ಅದುವರೆಗೆ ಯಾರೂ ತೋರಿಸಿರಲಿಲ್ಲ.

ಅವನು ಕೆಂಪು ವೃತ್ತದೊಳಗಿನ ಸಾಲನ್ನು ಒಂದು ಸಲ ಓದಿದ. ಮತ್ತೆ ಓದಿದ. ಹಾಳೆಯನ್ನು ಮಡಿಸಿ ವಾಪಸ್ ಕೊಟ್ಟ.

“ನಾನೇ ಮರೆತಿರ್ಬೇಕು ಸಾರ್.”

“ನಿನ್ನೆ ತಲೆ ತೆಗೀರಿ ಅಂದ್ರಿ. ಮೂರು ಸಲ ನೋಡಿದೀನಿ ಅಂದ್ರಿ.”

“ಮನುಷ್ಯ ಅಲ್ವಾ ಸಾರ್. ಮರೆತಿರ್ಬೇಕು. ಬರ್ಕೊಳ್ಳಿ.”

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. “ನಿಮಗೇನು ತಲೆ ಕೆಟ್ಟಿದ್ಯಾ? ಜೈಲಿಗೆ ಹೋಗ್ತೀರಾ?” ಎಂದಳು.

“ನೀನು ಸುಮ್ಮನಿರು” ಎಂದ. ಗದರಿಸಿದಂತಿರಲಿಲ್ಲ, ಬೇಡಿಕೊಂಡಂತಿತ್ತು.

ಜೀಪಿನಲ್ಲಿ ಇನ್‌ಸ್ಪೆಕ್ಟರ್ ಹಾಳೆಯನ್ನು ಬಿಡಿಸಿ ಹಿಡಿದೇ ಕೂತರು. “ಈ ಸಾಲಲ್ಲಿ ಅವನಿಗೆ ಏನೋ ಕಂಡಿದೆ. ನಿನ್ನೆ ಸಿಂಹದ ಥರ ಇದ್ದವನು ಇವತ್ತು ತಾನಾಗೇ ಕೈ ಮುಂದೆ ಚಾಚ್ತಾನೆ ಅಂದ್ರೆ ಏನರ್ಥ?”

“ಯಾರನ್ನೋ ಮುಚ್ಚಿಡ್ತಿದಾನೆ” ಎಂದಳು ಮಹಿಳಾ ಕಾನ್‌ಸ್ಟೇಬಲ್.

“ಏನು ಕಂಡಿತು ಅಂತ ನಮಗೂ ಕಾಣಬೇಕಲ್ಲ.”

ಮೇ ಹದಿನಾರು, ಶುಕ್ರವಾರ ಬೆಳಗ್ಗೆ ಒಂಬತ್ತೂವರೆಗೆ ನಾಲ್ಕನೇ ಘಟಕದಲ್ಲಿ ಎರಡನೇ ಪಂಚನಾಮೆ. ಎದುರಿನ ಮೂರನೇ ಮಹಡಿಯ ಕಿಟಕಿ ಮುಚ್ಚಿತ್ತು. ಗಾಡಿಯ ಡ್ರೈವರ್ ಆ ಕಡೆ ಬೆನ್ನು ಮಾಡಿಯೇ ಉತ್ತರ ಹೇಳಿದ.

ಹಾಳೆಯ ಸಾಲಿನ ಜತೆ ಹೋಲಿಸಿ ನೋಡಲು, ಸಂದೇಶ ಬರುವ ಪರದೆಗಳ ಹಿಂಭಾಗದಲ್ಲಿ ಅಂಟಿಸಿದ ಚೀಟಿಗಳ ಅಂಕಿಗಳನ್ನು ಬರೆದುಕೊಳ್ಳುವಂತೆ ಇನ್‌ಸ್ಪೆಕ್ಟರ್ ಹೇಳಿದರು. ಮಹಿಳಾ ಕಾನ್‌ಸ್ಟೇಬಲ್ ಮಂಡಿಯೂರಿ ಓದತೊಡಗಿದಳು.

“ಸಾರ್, ಇಲ್ಲಿ ಒಂದರ ಮೇಲೊಂದು ಎರಡು ಚೀಟಿ ಇದೆ. ಮೇಲಿನದು ಹೊಸದು. ಕೆಳಗಿನದರಲ್ಲಿ ಬೇರೆ ಅಂಕಿ.”

ಡ್ರೈವರ್ ವಿವರಿಸಿದ. “ಹೋದ ತಿಂಗಳು ಇಪ್ಪತ್ತೊಂದಕ್ಕೆ ಅಂಟಿಸಿದ್ದು ಮೇಡಂ. ಹೊಸ ಪರದೆಗಳು ಬಂದ್ವಲ್ಲ, ಅವತ್ತು ಚಿಕ್ಕಳಿಯ ಬಂದು ಎಲ್ಲದಕ್ಕೂ ವಿಳಾಸ, ಅಂದ್ರೆ ಈ ಅಂಕಿ, ಬದಲಾಯಿಸಿದ್ರು.”

ಇನ್‌ಸ್ಪೆಕ್ಟರ್ ಹಾಳೆ ತೆಗೆದರು. ವಿಳಾಸದಲ್ಲಿ ನಾಲ್ಕು ಅಂಕಿ, ನಡುವೆ ಚುಕ್ಕೆಗಳು. ಕೆಳಗಿನ ಹಳೆಯ ಚೀಟಿಯಲ್ಲಿ ಮೂರನೇ ಅಂಕಿ ನಾಲ್ಕು. ಮೇಲಿನ ಹೊಸ ಚೀಟಿಯಲ್ಲಿ ಅರವತ್ನಾಲ್ಕು. ಕೆಂಪು ವೃತ್ತದೊಳಗಿನ ಸಾಲಿನಲ್ಲಿ ಅರವತ್ನಾಲ್ಕು.

ಹಾಳೆಯನ್ನು ಚೀಟಿಗಳ ಪಕ್ಕಕ್ಕೇ ಹಿಡಿದರು.

“ಹಳೇ ಸಾಲಂತೆ!” ಎಂದರು ಇನ್‌ಸ್ಪೆಕ್ಟರ್. “ಹೋದ ತಿಂಗಳು ಹುಟ್ಟಿದ ವಿಳಾಸ, ಫೆಬ್ರವರಿಯಲ್ಲಿ ಅಳಿಸೋಕೆ ಮರೆತ ಸಾಲಿನಲ್ಲಿ ಹೇಗಯ್ಯ ಬಂತು?”

ಗಡಿಯಾರ ಕೈಗಡಿಯಾರ ನೋಡಿ ಬರೆದುಕೊಂಡ. ಹತ್ತು ಗಂಟೆ ಹನ್ನೆರಡು ನಿಮಿಷ.

ಉಪನ್ಯಾಸಕಿ ಫೋನಿನಲ್ಲೇ ಖಚಿತಪಡಿಸಿದರು. ಹಳೆಯ ವಿಳಾಸದ ಸಾಲು ಉಳಿದಿದ್ದರೆ ಹೊಸ ಪರದೆಗಳಿಗೆ ಏನೂ ಆಗುತ್ತಿರಲಿಲ್ಲ. ಕೆಡಬೇಕೆಂದರೆ ಹೊಸ ವಿಳಾಸವನ್ನೇ ಬರೆಯಬೇಕು. ಏಪ್ರಿಲ್ ಇಪ್ಪತ್ತೊಂದರ ನಂತರ, ಬೇಕೆಂದೇ.

ಮೇ ಹದಿನೇಳು, ಶನಿವಾರ. ಹನ್ನೊಂದು ಗಂಟೆಗೆ ದೊಡ್ಡಳಿಯ ಠಾಣೆಗೆ ಬಂದ. ಕರೆ ಕಳಿಸಿದ್ದು ಸಾಕ್ಷಿಯೆಂದು. ನಲವತ್ತೊಂಬತ್ತು ವರ್ಷ, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಕೂತ ಕೂಡಲೇ ಮೇಜಿನ ಮೇಲಿದ್ದ ಸಿಕ್ಕುಬಿದ್ದ ಫೋನ್ ತಂತಿಯನ್ನು ಬಿಡಿಸಿ ಸರಿ ಮಾಡಿದ.

“ನಿಮ್ಮ ಕೆಲಸ ಎಲ್ಲರೂ ಹೊಗಳ್ತಿದಾರೆ” ಎಂದರು ಇನ್‌ಸ್ಪೆಕ್ಟರ್. “ಒಂಬತ್ತು ನಿಮಿಷದಲ್ಲಿ ಸರಿ ಮಾಡಿದ್ರಂತೆ.”

“ಕಟ್ಟಿದವನಿಗೆ ಗೊತ್ತಿರುತ್ತೆ ಸಾರ್.”

“ನಾಲ್ಕನೇ ಘಟಕ ನಿಂತಿತ್ತು. ನೀವು ಅಲ್ಲಿಗೆ ಹೋಗದೆ ನೇರ ಗ್ರಂಥಾಲಯಕ್ಕೆ ಹೋದ್ರಿ.”

“ಅನುಭವ.”

“ಈ ಕೆಂಪು ವೃತ್ತ ನೀವೇ ಹಾಕಿದ್ದಾ?”

“ನಾನೇ.”

“ಒಳಗಿನ ಸಾಲು ಯಾರದು?”

“ನನ್ನದೇ.” ಅವನು ಬೆನ್ನು ನೆಟ್ಟಗೆ ಮಾಡಿ ಕೂತ. “ಈ ಜಾಲ ಶುರುವಾದ ದಿನ ನಾನು ಬರೆದದ್ದು. ಇಂಥ ಸಾಲುಗಳು ಇದ್ದಾಗ ಹದಿನೈದು ವರ್ಷ ಒಂದು ಸಂದೇಶ ತಪ್ಪಿರ್ಲಿಲ್ಲ. ಪೆಟ್ಟಿಗೆಗಳು ತಾವೇ ಮಾತಾಡ್ಕೊಳ್ತವೆ, ದಾರಿ ತಾವೇ ಹುಡುಕ್ತವೆ ಅಂತ ಅವನು ಎಲ್ಲಾ ಅಳಿಸ್ದ. ಇದೊಂದನ್ನ ಅಳಿಸೋಕೆ ಮರೆತ. ಅವಸರ ಜಾಸ್ತಿ ಅವನಿಗೆ.”

“ಶುರುವಾದ ದಿನದಿಂದ ಇದೇ ಸಾಲು? ಒಂದಂಕಿಯೂ ಬದಲಾಗಿಲ್ಲ?”

“ಒಂದಂಕಿಯೂ ಇಲ್ಲ.”

“ಹೇಳಿಕೆಯಲ್ಲಿ ಹಾಗೇ ಬರೀಲಾ?”

“ಬರೀರಿ.”

ಗಡಿಯಾರ ಬರೆದು ಓದಿ ಹೇಳಿದ. ದೊಡ್ಡಳಿಯ ಸಹಿ ಹಾಕಿದ. ಹನ್ನೊಂದೂ ಇಪ್ಪತ್ತೈದು.

ಆಮೇಲೆ ಇನ್‌ಸ್ಪೆಕ್ಟರ್ ಎರಡು ಚೀಟಿಗಳ ಫೋಟೊವನ್ನು ಹಾಳೆಯ ಪಕ್ಕದಲ್ಲಿಟ್ಟರು. ದೊಡ್ಡಳಿಯನ ಕಣ್ಣು ಫೋಟೊದಿಂದ ಸಾಲಿಗೆ, ಸಾಲಿನಿಂದ ಫೋಟೊಕ್ಕೆ ಹೋಯಿತು. ಓದು ಬಂದವನಿಗೆ ಅಷ್ಟು ಸಾಕಾಗಿತ್ತು.

“ಸೋಮವಾರ ಧೂಳು ಹೊಡೆಯೋಕೆ ಹೋಗಿದ್ರಿ. ಧೂಳು ಅಲ್ಲೇ ಇದೆ” ಎಂದರು ಇನ್‌ಸ್ಪೆಕ್ಟರ್.

ಅವನು ಬಹಳ ಹೊತ್ತು ತನ್ನ ಸಹಿಯನ್ನೇ ನೋಡುತ್ತಿದ್ದ.

“ಸಾಯಿಸೋಕಲ್ಲ ಸಾರ್” ಎಂದ ಕೊನೆಗೆ. “ಬುಧವಾರ ಕೇಬಲ್ ಕೀಳ್ತಾನೆ ಅಂತ ಗೊತ್ತಿತ್ತು. ಕಿತ್ತ ಕೂಡಲೇ ನಿಲ್ಲುತ್ತೆ. ನಕ್ಷೆ ಹಸಿರಿರುತ್ತೆ, ಅವನಿಗೆ ತಲೆಬುಡ ಗೊತ್ತಾಗಲ್ಲ. ಎರಡು ನಿಮಿಷಕ್ಕೆ ನನಗೆ ಫೋನ್ ಮಾಡ್ತಾನೆ. ಹೋಗಿ ಸರಿ ಮಾಡ್ತೀನಿ. ಅಷ್ಟೇ ನಾನು ಅಂದ್ಕೊಂಡಿದ್ದು.”

“ಎರಡು ನಿಮಿಷಕ್ಕೆ ಮಾಡಲಿಲ್ಲ.”

“ಮಾಡಲಿಲ್ಲ.”

“ನಿಂತಿದೆ ಅಂತ ನಿಮಗೆ ಗೊತ್ತಿತ್ತು.”

“ಹತ್ತೂ ಐದಕ್ಕೇ ಗೊತ್ತಿತ್ತು. ಬ್ಯಾಗು ಕಾಲ ಹತ್ರ, ಫೋನು ಮುಂದೆ. ಈಗ ಮಾಡ್ತಾನೆ, ಈಗ ಮಾಡ್ತಾನೆ ಅಂತ ಕೂತಿದ್ದೆ. ಮೊದಲೆಲ್ಲ ಸಣ್ಣದಕ್ಕೂ ಮಾಡ್ತಿದ್ದ. ‘ಅಣ್ಣ, ಇದು ಹೇಗೆ, ಅಣ್ಣ, ಅದು ಹೇಗೆ.’”

“ನೀವೇ ಎದ್ದು ಹೋಗಬಹುದಿತ್ತಲ್ರೀ!”

ದೊಡ್ಡಳಿಯ ತಲೆಯೆತ್ತಿದ. ಈ ಪ್ರಶ್ನೆ ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

“ಕರೀದೆ ಹೇಗೆ ಹೋಗ್ಲಿ ಸಾರ್?”

ಇನ್‌ಸ್ಪೆಕ್ಟರ್ ಮೇಜಿಗೆ ಗುದ್ದಿದರು. ಪೆನ್ನುಗಳು ಹಾರಿಬಿದ್ದವು. “ಒಬ್ಬ ಹೆಂಗಸು ಗಂಡನ ಎದೆ ಒತ್ತುತ್ತಾ ಕೂತಿದ್ದಳು! ನೀವು ಕರೀಲಿ ಅಂತ ಕೂತಿದ್ರಾ!”

ಹನ್ನೆರಡೂ ಹತ್ತಕ್ಕೆ ಬಂಧನವಾಯಿತು. ನಿರ್ಲಕ್ಷ್ಯದ ಕಲಮನ್ನು ತೆಗೆದು ಇನ್ನೂ ದೊಡ್ಡ ಕಲಮು ಸೇರಿಸಿದರು. ಪರೀಕ್ಷೆ ಮಾಡದೆ ನಕ್ಷೆಯನ್ನು ನಂಬಿದ ಚಿಕ್ಕಳಿಯನ ಮೇಲೆ, ದೀಪವನ್ನು ನೋಡುವುದನ್ನೇ ಬಿಟ್ಟ ಕೊಠಡಿಯ ಮೇಲೆ, ಇಲಾಖಾ ವಿಚಾರಣೆಗೆ ಬೇರೆ ವರದಿ ಹೋಯಿತು. ಉದ್ದೇಶ ಎಂಬ ಕಡೆ ಗಡಿಯಾರ ‘ವೃತ್ತಿ ವೈಮನಸ್ಯ’ ಎಂದು ಬರೆದಿದ್ದ. ಇನ್‌ಸ್ಪೆಕ್ಟರ್ ಅದನ್ನು ತಿದ್ದಲಿಲ್ಲ. ವೈಮನಸ್ಯಕ್ಕೆ ಇಬ್ಬರು ಬೇಕು, ಇಲ್ಲಿ ಇದ್ದದ್ದು ಒಬ್ಬನದೇ ಎಂದು ಅವರಿಗೆ ಗೊತ್ತಿತ್ತು. ಆದರೆ ಹೊಟ್ಟೆಕಿಚ್ಚಿಗೆ ಕಾನೂನಿನಲ್ಲಿ ಬೇರೆ ಶಬ್ದವಿಲ್ಲ.

ನ್ಯಾಯಾಲಯಕ್ಕೆ ಕರೆದೊಯ್ಯುವಾಗ, ಜೀಪು ಹತ್ತುವ ಮುನ್ನ, ದೊಡ್ಡಳಿಯ ಕೇಳಿದ. “ಆ ಸಾಲು ನಾನು ಹೊಸದಾಗಿ ಬರೆದದ್ದು ಅಂತ ಅವನೇ ತಾನೇ ನಿಮಗೆ ಹೇಳಿದ್ದು?”

“ಇಲ್ಲ” ಎಂದರು ಇನ್‌ಸ್ಪೆಕ್ಟರ್. “ಗುರುವಾರವೇ ಗುರುತು ಹಿಡಿದಿದ್ದ. ಬಾಯಿ ಬಿಡಲಿಲ್ಲ. ‘ನಾನೇ ಮರೆತಿರ್ಬೇಕು, ಬರ್ಕೊಳ್ಳಿ’ ಅಂದ. ನಿಮಗೋಸ್ಕರ ಜೈಲಿಗೆ ಹೋಗೋಕೆ ತಯಾರಾಗಿದ್ದ.”

ಈ ಮಾತಿಗೆ ಆ ಮನುಷ್ಯ ಅಳುತ್ತಾನೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಮಹಿಳಾ ಕಾನ್‌ಸ್ಟೇಬಲ್ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ದೊಡ್ಡಳಿಯ ಅಳಲಿಲ್ಲ. ಅವನ ಕತ್ತಿನ ನರ ಉಬ್ಬಿತು. ಬೇಡಿ ಹಾಕಿದ ಎರಡೂ ಕೈಗಳಿಂದ ಜೀಪಿನ ಬಾಗಿಲನ್ನು ಹಿಡಿದುಕೊಂಡ.

“ನೋಡಿದ್ರಾ ಸಾರ್” ಎಂದ. “ಇದರಲ್ಲೂ ಅವನೇ ದೊಡ್ಡವನಾದ.”